ದೆವ್ವ ನೋಡಲು ಹೊರಟವಳ ಆರು ವಾರ

ದೆವ್ವದ ಕೋಟೆ ಅಂತ ಹೆಸರಾದ ಭಾನಗಢಕ್ಕೆ ಹೋಗಿ ಬಂದು ನಾಲ್ಕು ದಿನವಾಯಿತು. ಬ್ಯಾಗಿನ ಕೆಳಗಿನ ಅರ್ಧ ಇನ್ನೂ ಬಿಚ್ಚಿಲ್ಲ. ಸಿಕ್ಕವರೆಲ್ಲ ಕೇಳುವುದು ಒಂದೇ: "ಏನಾದ್ರೂ ಕಾಣಿಸ್ತಾ?" ಅದಕ್ಕೆ ಉತ್ತರ ಚಿಕ್ಕದು, ಕೊನೆಯಲ್ಲಿ ಹೇಳುತ್ತೇನೆ. ಆದರೆ ಮನೆ ಬಿಟ್ಟು ಹೊರಡುವುದಕ್ಕೇ ನನಗೆ ಆರು ವಾರ ಹಿಡಿಯಿತು. ಅಷ್ಟರಲ್ಲಿ ಕಳೆದುಕೊಂಡ ದುಡ್ಡು, ತಿಂದ ಬೈಗುಳ ಎರಡೂ ಸಾಕಷ್ಟಿವೆ. ನಿಮ್ಮಲ್ಲಿ ಯಾರಿಗಾದರೂ ಇದೇ ಹುಚ್ಚಿದ್ದರೆ ಓದಿಕೊಳ್ಳಿ, ಒಂದಷ್ಟು ಓಡಾಟ ಉಳಿಯಬಹುದು.

ಹುಚ್ಚು ಹತ್ತಿದ್ದು ಅಜ್ಜಿಯಿಂದ. ತಿಪಟೂರಿನ ಹತ್ತಿರದ ಹಳ್ಳಿ, ಬೇಸಿಗೆ ರಜೆ, ರಾತ್ರಿ ಜಗಲಿ ಮೇಲೆ ಮಲಗಿದಾಗ ಕೆರೆಯ ಆಚೆಗಿನ ತೋಟದ ಕಡೆ ಕೈ ತೋರಿಸಿ ಅಜ್ಜಿ ಹೇಳುತ್ತಿದ್ದರು, "ಅಗೋ, ಕೊಳ್ಳಿ ದೆವ್ವ. ಅದರ ಹಿಂದೆ ಹೋದವರು ಬೆಳಗಾಗೋವರೆಗೂ ಸುತ್ತುತ್ತಾನೇ ಇರ್ತಾರೆ." ಜೌಗು ನೆಲದಲ್ಲಿ ಕೊಳೆತದ್ದರಿಂದ ಏಳುವ ಅನಿಲ ಅದು ಅಂತ ಹೈಸ್ಕೂಲಿನಲ್ಲಿ ಮೇಷ್ಟ್ರು ಹೇಳಿದರು. ನಾನು ಹಗಲು ಮೇಷ್ಟ್ರನ್ನು ನಂಬುತ್ತಿದ್ದೆ, ರಾತ್ರಿ ಅಜ್ಜಿಯನ್ನು. ಈಗಲೂ ಹೆಚ್ಚುಕಮ್ಮಿ ಹಾಗೇ. ನಮ್ಮನೆಯವರು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಎಂಜಿನಿಯರ್, ದೆವ್ವ ಅಂದರೆ ನಗುತ್ತಾರೆ. ಆದರೆ ತೊಂಬತ್ತರ ದಶಕದಲ್ಲಿ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಸೀಮೆಸುಣ್ಣದಲ್ಲಿ ಬರೆದಿದ್ದು ಇವರೇ ಅಂತೆ. ಅತ್ತೆ ಹೇಳಿದ್ದು. ರಾತ್ರಿ ಮನೆಯವರ ದನಿಯಲ್ಲೇ ಕರೆದು ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತಂತೆ, ಮಾರನೇ ದಿನ ಬಂದು ಮತ್ತೆ ಓದುತ್ತಂತೆ. ಅಷ್ಟು ಸಭ್ಯ ದೆವ್ವ!

ಭಾನಗಢ ಇರುವುದು ರಾಜಸ್ಥಾನದ ಅಲ್ವರ್ ಜಿಲ್ಲೆಯಲ್ಲಿ, ಸರಿಸ್ಕಾ ಹುಲಿ ಕಾಡಿನ ಅಂಚಿನಲ್ಲಿ. 1573ರ ಸುಮಾರಿಗೆ ಆಮೇರಿನ ರಾಜ ಭಗವಂತದಾಸ ಕಟ್ಟಿಸಿದ ಊರು. ಆಳಿದವನು ಅವನ ಮಗ ಮಾಧೋಸಿಂಗ್, ಅಂದರೆ ಅಕ್ಬರನ ಸೇನಾಪತಿ ಮಾನ್‌ಸಿಂಗನ ತಮ್ಮ. ದೇಶದಲ್ಲೇ ಅತಿ ಭಯಂಕರ ಜಾಗ ಅಂತ ಹೆಸರು. ಕತೆಗಳು ಎರಡು. ಒಂದರಲ್ಲಿ ಬಾಲುನಾಥ ಅನ್ನುವ ಸಾಧು, ಅರಮನೆಯ ನೆರಳು ತನ್ನ ಮೇಲೆ ಬಿದ್ದರೆ ಊರೇ ಉಳಿಯುವುದಿಲ್ಲ ಅಂದಿದ್ದನಂತೆ. ಇನ್ನೊಂದರಲ್ಲಿ ರಾಣಿ ರತ್ನಾವತಿಯ ಮೇಲೆ ಕಣ್ಣು ಹಾಕಿದ ಮಾಂತ್ರಿಕ ಅವಳಿಗೆ ಹೋಗುವ ಸುಗಂಧದ ಎಣ್ಣೆಗೆ ವಶೀಕರಣ ಮಾಡುತ್ತಾನೆ. ಅವಳಿಗೆ ಗೊತ್ತಾಗಿ ಎಣ್ಣೆಯನ್ನು ಬಂಡೆಯ ಮೇಲೆ ಸುರಿಯುತ್ತಾಳೆ. ಮರುಳಾದ ಬಂಡೆ ಉರುಳಿಕೊಂಡು ಹೋಗಿ ಮಾಂತ್ರಿಕನನ್ನೇ ಅಪ್ಪಿಕೊಳ್ಳುತ್ತದೆ. ಸಾಯುವಾಗ ಅವನು ಶಾಪ ಕೊಡುತ್ತಾನೆ. ಊರು ಪಾಳು ಬಿದ್ದದ್ದು ಯಾಕೆ ಅಂದರೆ ಇತಿಹಾಸ ಬರೆದವರು 1783ರ ಬರಗಾಲದ ಮಾತಾಡುತ್ತಾರೆ. ಅವರು ಬಿಡಿ, ಯಾವಾಗಲೂ ಹಾಗೇ.

ನನಗೆ ಅಲ್ಲಿ ಒಂದು ರಾತ್ರಿ ಇರಬೇಕಿತ್ತು. ಇಲ್ಲಿಂದ ಶುರುವಾಯಿತು ಎಡವಟ್ಟು.

ಫೋನಿನಲ್ಲಿ ಹುಡುಕಿದಾಗ ಒಬ್ಬ ಟೂರ್ ಏಜೆಂಟ್ ಸಿಕ್ಕಿದ. "ನೈಟ್ ಪರ್ಮಿಷನ್ ಎಲ್ಲ ನಮ್ಮದು ಮೇಡಂ, ನೀವು ಬರೀ ಧೈರ್ಯ ತನ್ನಿ" ಅಂದ. ನನಗೂ ತಮ್ಮನಿಗೂ ಸೇರಿ ನಾಲ್ಕು ಸಾವಿರ ಅಡ್ವಾನ್ಸ್ ಹಾಕಿದೆ. ಆಮೇಲೆ ಒಂದೊಂದೇ ಕಾಗದ ಕೇಳತೊಡಗಿದ. ಆಧಾರ್ ಜೆರಾಕ್ಸ್, ಪಾಸ್‌ಪೋರ್ಟ್ ಸೈಜ್ ಫೋಟೋ, ಹೃದಯದ ತೊಂದರೆ ಇಲ್ಲ ಅಂತ ಡಾಕ್ಟರ್ ಚೀಟಿ. ಕೊನೆಗೆ ನೂರು ರೂಪಾಯಿ ಸ್ಟಾಂಪ್ ಪೇಪರ್ ಮೇಲೆ ಒಂದು ಒಪ್ಪಿಗೆ ಪತ್ರ: ಆತ್ಮಗಳಿಂದ ಯಾವುದೇ ತೊಂದರೆಯಾದರೆ ನಾನೇ ಹೊಣೆ.

ಶನಿವಾರ ಸ್ಟಾಂಪ್ ಪೇಪರ್ ಅಂಗಡಿಯಲ್ಲಿ ಕ್ಯೂ ನಿಂತೆ. ನನ್ನ ಮುಂದೆ ಬಾಡಿಗೆ ಕರಾರಿನವರು, ಹಿಂದೆ ಗಾಡಿ ಮಾರುವವರು. ಟೈಪ್ ಮಾಡುವ ಹುಡುಗ ತಲೆ ಎತ್ತದೆ ಕೇಳಿದ, "ಫಸ್ಟ್ ಪಾರ್ಟಿ?" ನನ್ನ ಹೆಸರು ಹೇಳಿದೆ. "ಸೆಕೆಂಡ್ ಪಾರ್ಟಿ?" ಏನು ಹೇಳಲಿ? ಒಪ್ಪಿಗೆ ಪತ್ರದ ಕರಡು ಅವನ ಕೈಗೆ ಕೊಟ್ಟೆ. ಓದಿದ. ಇನ್ನೊಂದು ಸಲ ಓದಿದ. ಒಳಗೆ ಹೋಗಿ ನೋಟರಿಯವರನ್ನು ಕರೆದುಕೊಂಡು ಬಂದ. ಅವರು ಕನ್ನಡಕ ಹಣೆಗೇರಿಸಿ, "ಎರಡನೇ ಪಾರ್ಟಿ ಸಹಿಗೆ ಬರ್ತಾರೇನಮ್ಮ?" ಅಂದರು. ಇಡೀ ಕ್ಯೂ ನಕ್ಕಿತು. ಕೊನೆಗೆ ಆ ಜಾಗದಲ್ಲಿ "ಸಂಬಂಧಪಟ್ಟವರು" ಅಂತ ಹಾಕಿಕೊಟ್ಟರು. ಸ್ಟಾಂಪು, ಟೈಪಿಂಗು, ನೋಟರಿ ಎಲ್ಲ ಸೇರಿ 350 ರೂಪಾಯಿ.

ಆ ಪತ್ರದ ಫೋಟೋ ಕಳಿಸಿದ ಮೇಲೆ ಏಜೆಂಟ್ "ನಾಳೆ ಹೇಳ್ತೀನಿ ಮೇಡಂ" ಅಂದ. ಮಾರನೇ ದಿನವೂ ನಾಳೆ. ಹನ್ನೊಂದು ದಿನ ನಾಳೆ. ಹನ್ನೆರಡನೇ ದಿನ ಫೋನ್ ಸ್ವಿಚ್ ಆಫ್. ನಮ್ಮನೆಯವರು ಊಟ ಮಾಡುತ್ತಾ ತಣ್ಣಗೆ ಹೇಳಿದರು, "ಅವನ ಬಾಗಿಲ ಮೇಲೂ ಬರೆದಿರಬೇಕು, ನಾಳೆ ಬಾ ಅಂತ."

ಆಮೇಲೆ ನಾನೇ ಕೂತು ನಿಯಮ ಓದಿದೆ. ಮೊದಲೇ ಓದಬೇಕಿತ್ತು. ಭಾನಗಢ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಬೇರೆ ವೇಳೆ ಗೊತ್ತು ಮಾಡಿರದ ಇಂಥ ಸ್ಮಾರಕಗಳು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ತೆರೆದಿರಬೇಕು ಅಂತ 1959ರ ನಿಯಮಗಳೇ ಹೇಳುತ್ತವೆ. ಭಾನಗಢದ ಬೋರ್ಡಿನ ಫೋಟೋ ಎಲ್ಲರೂ ನೋಡಿರುತ್ತೀರಿ. ಅದರಲ್ಲಿ ಸೂರ್ಯಾಸ್ತದ ನಂತರ ಪ್ರವೇಶ ಇಲ್ಲ ಅಂತಿದೆ, ದನ ಮೇಯಿಸಬೇಡಿ ಅಂತಿದೆ. ದೆವ್ವದ ಸುದ್ದಿಯೇ ಇಲ್ಲ. ಕಾಡಿನ ಅಂಚು, ದೀಪ ಇಲ್ಲ, ಪಾಳು ಗೋಡೆಗಳು. ರಾತ್ರಿ ಯಾಕೆ ಬಿಡುವುದಿಲ್ಲ ಅಂತ ಹೇಳಲು ಇಷ್ಟು ಸಾಕಲ್ವಾ? ಹಾಗಾಗಿ ಹೋಗುವವರು ಕೇಳಿ: ರಾತ್ರಿ ಒಳಗೆ ಬಿಡಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ನಾನು ಹಗಲಿಗೇ ಒಪ್ಪಿಕೊಂಡೆ. ಬೆಳಗ್ಗೆ ಬಾಗಿಲು ತೆರೆಯುವಾಗಿಂದ ಮುಚ್ಚುವವರೆಗೆ.

ಇನ್ನು ದಿನ ಗೊತ್ತು ಮಾಡಬೇಕು. ಇದು ಮದುವೆ ದಿನ ಗೊತ್ತು ಮಾಡುವುದಕ್ಕಿಂತ ಕಷ್ಟ. ಬೇಸಿಗೆಯಲ್ಲಿ ಅಲ್ಲಿನ ಬಿಸಿಲಿಗೆ ಹೋಗುವ ಹಾಗಿಲ್ಲ. ಅಮಾವಾಸ್ಯೆ ಹತ್ತಿರದ ದಿನ ಇಟ್ಟುಕೊಳ್ಳೋಣ ಅಂದರೆ ಅತ್ತೆ ಎರಡು ದಿನ ಮಾತು ಬಿಟ್ಟರು. ಆಫೀಸಿನಲ್ಲಿ ವರ್ಷದ ಕೊನೆಗೆ ರಜೆ ಇಲ್ಲ. ಜನವರಿ ಎರಡನೇ ವಾರ ಅಂತ ಆಯಿತು. ಅಜ್ಜಿಗೆ ಫೋನ್ ಮಾಡಿ, "ಧನುರ್ಮಾಸ ಅಲ್ವಾ ಅಜ್ಜಿ, ಪರವಾಗಿಲ್ವಾ?" ಅಂದೆ. "ಧನುರ್ಮಾಸದಲ್ಲಿ ಮದುವೆ ಮಾಡಲ್ಲ ಕಣವ್ವ. ದೆವ್ವ ನೋಡೋಕೆ ಹೋಗೋಳಿಗೆ ಯಾವ ಮುಹೂರ್ತ? ಹಬ್ಬಕ್ಕೆ ಮುಂಚೆ ಮನೆ ಸೇರ್ಕೋ" ಅಂದರು. ರಜೆ ಅರ್ಜಿಯಲ್ಲಿ ಕಾರಣ "ಕುಟುಂಬದ ಕೆಲಸ" ಅಂತ ಬರೆದೆ. ಆಗ ಅದು ಸುಳ್ಳು ಅನಿಸಿತ್ತು.

ಸಾಮಾನಿನ ವಿಷಯಕ್ಕೆ ಬರುತ್ತೇನೆ. ವಿಡಿಯೋಗಳಲ್ಲಿ ನೋಡಿರುತ್ತೀರಿ, ದೆವ್ವ ಹುಡುಕುವವರ ಕೈಯಲ್ಲಿ ಐದು ಪುಟ್ಟ ದೀಪ ಇರುವ ಒಂದು ಮೀಟರ್ ಇರುತ್ತದೆ. ವಿದ್ಯುತ್ಕಾಂತೀಯ ಕ್ಷೇತ್ರ ಅಳೆಯುವಂಥದ್ದು. ನಾನು ಆನ್‌ಲೈನಿನಲ್ಲಿ 2,900 ರೂಪಾಯಿ ಕೊಟ್ಟು ತರಿಸಿದೆ. ಬಂದ ದಿನವೇ ಮನೆಯೆಲ್ಲ ಹಿಡಿದುಕೊಂಡು ತಿರುಗಿದೆ. ಫ್ರಿಜ್ ಹತ್ತಿರ ಮೂರು ದೀಪ. ಮಿಕ್ಸಿ ಹಾಕಿದರೆ ಐದೂ. ವೈಫೈ ಡಬ್ಬಿ ಹತ್ತಿರ ಕುಣಿಯಿತು. ದೇವರ ಕೋಣೆಗೆ ಹೋದೆ, ವೆಂಕಟರಮಣನ ಫೋಟೋ ಮುಂದೆ ಹಿಡಿದ ತಕ್ಷಣ ಕೆಂಪು ದೀಪದವರೆಗೂ ಪಟಪಟ ಅಂತ ಹತ್ತಿಕೊಂಡಿತು. ಹಿಂದೆ ಅತ್ತೆ ನಿಂತಿದ್ದರು. ಕೈ ಮುಗಿದುಬಿಟ್ಟರು. ಫೋಟೋದ ಹಿಂದೆ ಸೀರಿಯಲ್ ಸೆಟ್ಟಿನ ಅಡಾಪ್ಟರ್ ಇದೆ, ಅದಕ್ಕೇ ಹೀಗೆ ಅಂತ ಹೇಳಲು ಬಾಯಿ ತೆರೆದೆ. ಅತ್ತೆಯ ಮುಖ ನೋಡಿ ಸುಮ್ಮನಾದೆ. ಆವತ್ತಿಂದ ಆ ಮೀಟರ್ ಬಗ್ಗೆ ಅವರ ತಕರಾರು ಇಲ್ಲ.

ಇನ್ನೊಂದು, ಗನ್ ತರಹದ ಥರ್ಮಾಮೀಟರ್, 1,100 ರೂಪಾಯಿ. ದೆವ್ವ ಇರುವ ಕಡೆ ಗಾಳಿ ತಣ್ಣಗಾಗುತ್ತದೆ ಅಂತಾರಲ್ಲ, ಅದಕ್ಕೆ. ಇದು ಅಳೆಯುವುದು ಎದುರಿಗಿರುವ ಗೋಡೆಯ ಬಿಸಿಯನ್ನು, ಗಾಳಿಯದ್ದನ್ನಲ್ಲ ಅಂತ ನಮ್ಮನೆಯವರು ಹೇಳಿದ್ದು ದುಡ್ಡು ಕೊಟ್ಟ ಮೇಲೆ. ಅದರ ಜೊತೆಗೇ ಒಂದು ಕತೆಯನ್ನೂ ಹೇಳಿದರು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಅನ್ನುವ ಎಂಜಿನಿಯರ್‌ಗೆ ಲ್ಯಾಬಿನಲ್ಲಿ ರಾತ್ರಿ ಒಬ್ಬನೇ ಇದ್ದಾಗ ಬೆವರು ಬರುತ್ತಿತ್ತಂತೆ, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿ ಕಾಣುತ್ತಿತ್ತಂತೆ. ಮಾರನೇ ದಿನ ಕತ್ತಿವರಸೆಯ ಕತ್ತಿಯನ್ನು ಬಿಗಿಯಾಗಿ ಹಿಡಿದಿಡುವ ವೈಸ್‌ನಲ್ಲಿ ಸಿಕ್ಕಿಸಿ ಇಟ್ಟಿದ್ದಾಗ ಅದು ತನ್ನಷ್ಟಕ್ಕೆ ನಡುಗತೊಡಗಿತು. ಹುಡುಕಿದರೆ ಹೊಸದಾಗಿ ಹಾಕಿದ ಫ್ಯಾನು. ಅದರಿಂದ ಸುಮಾರು 19 ಹರ್ಟ್ಸ್‌ನ ಸದ್ದು ಏಳುತ್ತಿತ್ತು. ಕಿವಿಗೆ ಕೇಳುವುದಿಲ್ಲ, ಮೈಗೆ ತಾಗುತ್ತದೆ. ಫ್ಯಾನ್ ಆಫ್ ಮಾಡಿದರೆ ದೆವ್ವವೂ ಆಫ್. 1998ರಲ್ಲಿ ಅದನ್ನೇ ಪ್ರಬಂಧ ಮಾಡಿ ಬರೆದ. "ನಿನಗೆ ಬೇಕಿರೋದು ಮೀಟರ್ ಅಲ್ಲ, ಎಲೆಕ್ಟ್ರಿಷಿಯನ್" ಅಂದರು ಇವರು. ಕೋಪ ಬಂತು, ಆದರೆ ಮಾತು ಸರಿಯಿತ್ತು. ನೀವು ಈ ಎರಡೂ ಸಾಮಾನು ಕೊಳ್ಳಬೇಡಿ. ಒಳ್ಳೇ ಟಾರ್ಚು, ಪವರ್ ಬ್ಯಾಂಕು ಸಾಕು.

ಮೂರನೆಯದು ವಾಯ್ಸ್ ರೆಕಾರ್ಡರ್. ಇದನ್ನು ತಮ್ಮ ಕೊಟ್ಟ, ಅವನ ಹಳೇದು. ರಾತ್ರಿಯಿಡೀ ಎಷ್ಟು ಹೊತ್ತು ಬ್ಯಾಟರಿ ಬರುತ್ತದೆ ಅಂತ ನೋಡಲು ಒಂದು ದಿನ ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟು ಮಲಗಿದೆ. ಮಾರನೇ ದಿನ ಆಫೀಸಿಗೆ ಹೋಗುವಾಗ ಮೆಟ್ರೋದಲ್ಲಿ ಕಿವಿಗೆ ಹಾಕಿಕೊಂಡು ಓಡಿಸಿ ಓಡಿಸಿ ಕೇಳಿದೆ. ನಾಯಿ ಬೊಗಳಿದ್ದು. ಗೂರ್ಖಾನ ಸೀಟಿ. ಫ್ರಿಜ್ಜಿನ ಗುರ್. ನಾಲ್ಕೂ ಇಪ್ಪತ್ತಕ್ಕೆ ಅಡುಗೆಮನೆಯ ಲೈಟಿನ ಸ್ವಿಚ್. ಫಿಲ್ಟರ್ ಮೇಲೆ ಮುಚ್ಚಳ ಇಟ್ಟ ಸದ್ದು. ಆಮೇಲೆ ಅತ್ತೆಯ ದನಿ, ಮೆಲ್ಲಗೆ.

"ಪುಡಿ ಇವತ್ತಿಗೆ ಮುಗೀತು ರೀ. ಮಂಡಿ ಪರವಾಗಿಲ್ಲ, ನಿನ್ನೆ ಅಷ್ಟು ಹಿಡೀಲಿಲ್ಲ. ಗ್ಯಾಸ್ ಬುಕ್ ಮಾಡಿದಾನೆ ಇವನು." ಸ್ವಲ್ಪ ಹೊತ್ತು ಏನೂ ಇಲ್ಲ. ಲೋಟದ ಸದ್ದು. "ಇವಳು ರಾಜಸ್ಥಾನಕ್ಕೆ ಹೊರಟಿದಾಳೆ. ದೆವ್ವ ನೋಡ್ತಾಳಂತೆ. ಹೇಳಿದ್ರೆ ಕೇಳಲ್ಲ. ನೀವೇ ಒಂಚೂರು ಜೊತೆಗಿರಿ."

ಮಾವ ಹೋಗಿ ಮೂರು ವರ್ಷ ಆಯಿತು. ಅವರ ಫೋಟೋ ಹಾಲ್‌ನಲ್ಲೇ ಇದೆ, ಟಿವಿ ಮೇಲುಗಡೆ.

ಇಳಿಯಬೇಕಾದ ಸ್ಟೇಷನ್ ದಾಟಿ ಎರಡು ಸ್ಟೇಷನ್ ಮುಂದೆ ಹೋಗಿದ್ದೆ. ಆ ಫೈಲು ಅಲ್ಲೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅಳಿಸಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮೊನ್ನೆ ಇದನ್ನು ಬರೆಯಲು ಕೂತಾಗ ಮಾತ್ರ ಅತ್ತೆಯನ್ನು ಕೇಳಿದೆ, ಬರೀಲಾ ಅಂತ. "ಕಳ್ಳಿ, ಕದ್ದು ಕೇಳಿಸ್ಕೊಂಡ್ಯಾ?" ಅಂತ ಗದರಿದರು. ಅಡುಗೆಮನೆಗೆ ಹೋದರು. ವಾಪಸ್ ಬಂದು "ಬರ್ಕೋ ಹೋಗು" ಅಂದರು. ಇಷ್ಟೆಲ್ಲ ಓಡಾಟದಲ್ಲಿ ನನಗೆ ಸಿಕ್ಕ ಪರ್ಮಿಷನ್ ಇದೊಂದೇ.

ಹೊರಡುವ ಹಿಂದಿನ ದಿನ ಅಜ್ಜಿಯೇ ಬಸ್ಸಿನಲ್ಲಿ ಬಂದಿಳಿದರು. ಎಂಬತ್ತು ದಾಟಿದೆ. ದೆವ್ವ ನಂಬುವ ಅವರೊಬ್ಬರೇ ನನ್ನ ಹೋಗಬೇಡ ಅನ್ನಲಿಲ್ಲ, ಸರಿಯಾಗಿ ಹೋಗು ಅಂದರು ಅಷ್ಟೇ. ಅವರ ಪ್ರಕಾರ: ಹೆಸರು ಹಿಡಿದು ಕರೆದರೆ ಮೂರನೇ ಸಲಕ್ಕೆ ಮಾತ್ರ ಓಗೊಡಬೇಕು, ದೆವ್ವ ಮೂರು ಸಲ ಕರೆಯುವುದಿಲ್ಲ. ಎದುರಿಗೆ ಯಾರೇ ಬಂದರೂ ಮೊದಲು ಕಾಲು ನೋಡಬೇಕು, ಪಾದ ಹಿಂದುಮುಂದಾಗಿದೆಯಾ ಅಂತ. ಮಾಂಸದ ಊಟ ಕಟ್ಟಿಕೊಂಡು ಹೋಗಬಾರದು, ಹೋಗಲೇಬೇಕಾದರೆ ಮೇಲೆ ಒಂದು ಇದ್ದಿಲ ಚೂರು ಇಡಬೇಕು. ಜೊತೆಗೆ ಕಬ್ಬಿಣ ಇರಬೇಕು. ಅದಕ್ಕೇ ಅಡಕತ್ತರಿ ತಂದಿದ್ದರು. ಇದೇ ಅಡಕತ್ತರಿ ಅಮ್ಮ ಬಾಣಂತಿಯಾಗಿದ್ದಾಗ ನನ್ನ ತಲೆದಿಂಬಿನ ಕೆಳಗಿತ್ತಂತೆ. ಹಿಡಿ ಸವೆದು ನುಣ್ಣಗಾಗಿದೆ, ಬಾಯಿ ಮಾತ್ರ ಇನ್ನೂ ಹರಿತ. "ಬ್ಯಾಗಿಗೆ ಹಾಕಿದೀನಿ" ಅಂದರು. ಯಾವ ಬ್ಯಾಗು ಅಂತ ನಾನು ಕೇಳಲಿಲ್ಲ.

ಬೆಳಗಿನ ಮೂರೂವರೆಗೆ ಏರ್‌ಪೋರ್ಟ್. ದೊಡ್ಡ ಬ್ಯಾಗು ಕೊಡುವಾಗ ಕೌಂಟರಿನ ಹುಡುಗಿ ಕೇಳಿದಳು, "ಒಣ ಕೊಬ್ಬರಿ ಏನಾದ್ರೂ ಇದೆಯಾ?" ತಿಪಟೂರಿನವರನ್ನು ಕೇಳುವ ಪ್ರಶ್ನೆಯೇ ಇದು? ಬಿಚ್ಚಿ ನೋಡಿದರೆ ಆರು ಗಿಟುಕು. ಎಣ್ಣೆ ಅಂಶ ಜಾಸ್ತಿ, ಬೇಗ ಬೆಂಕಿ ಹತ್ತುತ್ತದೆ, ಲಗೇಜಿಗೆ ಹಾಕುವಂತಿಲ್ಲ ಅಂದಳು. ಬಿಡಲು ಬಂದಿದ್ದ ನಮ್ಮನೆಯವರು ಇನ್ನೂ ಹೊರಗೇ ಇದ್ದರು, ಗಾಜಿನ ಬಾಗಿಲ ಹತ್ತಿರ ಹೋಗಿ ಅವರ ಕೈಗೆ ದಾಟಿಸಿದ್ದಾಯಿತು. ಮುಂದೆ ಸೆಕ್ಯುರಿಟಿಯಲ್ಲಿ ಕೈಚೀಲ ಯಂತ್ರದೊಳಗೆ ಹೋಗಿ ವಾಪಸ್ ಬಂತು. ಮತ್ತೆ ಹೋಯಿತು. "ಮೇಡಂ, ಇದರಲ್ಲಿ ಕಟ್ಟರ್ ಇದೆ." ಅಡಕತ್ತರಿ! ಮೀಟರು, ಗನ್ ಥರ್ಮಾಮೀಟರು, ಎರಡು ನಿಂಬೆಹಣ್ಣು, ಬೇವಿನ ಸೊಪ್ಪು ಎಲ್ಲವನ್ನೂ ಟ್ರೇನಲ್ಲಿ ಸಾಲಾಗಿ ಜೋಡಿಸಿದರು. ಆ ಸಿಬ್ಬಂದಿ ಒಂದು ಸಲ ಟ್ರೇ, ಒಂದು ಸಲ ನನ್ನನ್ನು ನೋಡಿದ. ಏನೂ ಕೇಳಲಿಲ್ಲ ಪುಣ್ಯಾತ್ಮ. ಇಲ್ಲೇ ಬಿಟ್ಟು ಹೋಗಿ, ಇಲ್ಲಾ ವಾಪಸ್ ಹೋಗಿ ಲಗೇಜಿಗೆ ಕೊಡಿ ಅಂದ. ಬಿಡುವ ಮಾತೇ ಇಲ್ಲ. ತಮ್ಮನ ಸಣ್ಣ ಬ್ಯಾಗಿನಲ್ಲಿ ಕಾಲುಚೀಲದೊಳಗೆ ಸುತ್ತಿ, ಕೌಂಟರಿಗೆ ಓಡಿ, ಅದನ್ನೂ ಲಗೇಜಿಗೆ ಹಾಕಿ ಬರುವ ಹೊತ್ತಿಗೆ ಬೆವರಿನಲ್ಲಿ ತೊಯ್ದಿದ್ದೆ. ವಿಮಾನ ತಪ್ಪಲಿಲ್ಲ. ಉತ್ತರದಲ್ಲಿ ಮಂಜು, ನಾಲ್ಕು ಗಂಟೆ ತಡ. ಜನವರಿಯಲ್ಲಿ ಹೋಗುವವರು ಇಳಿದ ದಿನವೇ ಕೋಟೆ ನೋಡುವ ಪ್ಲಾನ್ ಇಟ್ಟುಕೊಳ್ಳಬೇಡಿ. ಇನ್ನೊಂದು: ಅಕ್ಕ ತಮ್ಮ ಅಂದರೂ ಆಧಾರಿನಲ್ಲಿ ಇನಿಷಿಯಲ್ಲು, ವಿಳಾಸ ಬೇರೆ ಬೇರೆ ಅಂತ ಜೈಪುರದ ಹೋಟೆಲಿನವರು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಎರಡು ರೂಮು ತಗೊಂಡೆವು, ಖರ್ಚು ಡಬಲ್.

ಮಾರನೇ ದಿನ ಕಾರಿನಲ್ಲಿ ಎರಡು ಗಂಟೆಗೂ ಸ್ವಲ್ಪ ಜಾಸ್ತಿ ಹಾದಿ. ಹೋಗಿ ಬರಲು 5,500. ಕೋಟೆಯ ಬಾಗಿಲಲ್ಲೇ ಹನುಮಂತನ ಗುಡಿ. ಒಳಗೆ ಸಾಲು ಅಂಗಡಿಗಳ ಪಾಳು, ನರ್ತಕಿಯರ ಹವೇಲಿ, ಗೋಪಿನಾಥ ಮತ್ತು ಸೋಮೇಶ್ವರ ದೇವಸ್ಥಾನಗಳು, ಕೇದಗೆಯ ಪೊದೆ, ಲೆಕ್ಕವಿಲ್ಲದಷ್ಟು ಕೋತಿ. ಮೇಲೆ ಹತ್ತಿ ಮುರಿದ ಅರಮನೆಯಲ್ಲಿ ಕೂತು ಮೀಟರ್ ಹಿಡಿದೆವು. ಒಂದು ದೀಪವೂ ಇಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಇದ್ದಕ್ಕಿದ್ದಂತೆ ಐದೂ ದೀಪ ಒಟ್ಟಿಗೆ ಹತ್ತಿದವು. ನನ್ನ ಬಾಯಿ ಒಣಗಿಹೋಯಿತು. ಆಮೇಲೆ ತಮ್ಮನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅಜ್ಜಿ. "ಬಂತೇನ್ರಪ್ಪಾ?"

ಸಂಜೆ ಕಾವಲುಗಾರ ಸೀಟಿ ಊದಿ ಎಲ್ಲರನ್ನೂ ಇಳಿಸಿದ. ಬಾಗಿಲು ದಾಟುವಾಗ ತಮ್ಮ ಹಿಂದಿನಿಂದ "ಅಕ್ಕಾ" ಅಂದ. ಅವನೇ ಅಂತ ಗೊತ್ತಿದ್ದೂ ಮೂರನೇ ಸಲಕ್ಕೇ ತಿರುಗಿದೆ. ಅಷ್ಟೇ ಆಗಿದ್ದು.

ಏಜೆಂಟಿಗೆ ಹೋದದ್ದೂ ಸೇರಿ ಒಟ್ಟು ಖರ್ಚು ನಲವತ್ತೊಂದು ಸಾವಿರ ಚಿಲ್ಲರೆ. ಮನೆಗೆ ಬಂದಾಗ ರಾತ್ರಿ ಹತ್ತಾಗಿತ್ತು. ಅತ್ತೆ ಹೊಸ್ತಿಲ ಆಚೆಯೇ ನಿಲ್ಲಿಸಿ ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ನೀವಾಳಿಸಿ ಒಲೆಗೆ ಹಾಕಿದರು. ಘಾಟು ಬಂದು ಮನೆಯವರೆಲ್ಲ ಕೆಮ್ಮಿದರು. ದೃಷ್ಟಿ ಏನೂ ಇಲ್ಲ ಬಿಡು ಅಂದರು, ಸ್ವಲ್ಪ ನಿರಾಸೆಯಿಂದಲೇ. ಟೇಬಲ್ ಮೇಲೆ ಅದೇ ಆರು ಗಿಟುಕು, ಎಳ್ಳುಬೆಲ್ಲಕ್ಕೆ ಸಣ್ಣಗೆ ಹೆಚ್ಚಿ ಹರಡಿದ್ದರು.

ಬೆಳಗಿನ ಜಾವ ಯಾಕೋ ಎಚ್ಚರ ಆಯಿತು. ಅಡುಗೆಮನೆಯ ಸ್ವಿಚ್ಚಿನ ಸದ್ದು. ಎದ್ದು ಹೋಗಲಿಲ್ಲ. ಹಾಗೇ ಮಲಗಿ ಕೇಳಿಸಿಕೊಂಡೆ.

"ಬಂದ್ಳು ರೀ. ಏನೂ ಸಿಗ್ಲಿಲ್ವಂತೆ. ಪಾಪ, ಅಷ್ಟು ದೂರ ಹೋಗಿದ್ಳು."